ಪೆನ್‌ಡ್ರೈವ್, ಥಂಬ್ ಮಷಿನ್ ಕಂಪ್ಯೂಟರ್‌ಗೆ ಕಾಣಲಿಲ್ಲಂದ್ರ ಮೊದಲ ಇದು ಮಾಡ್ರಿ
ಕರೆಂಟ್ ಹೋಗಿ ಬಂದ ಮ್ಯಾಲ ಪೆನ್‌ಡ್ರೈವ್, ಪ್ರಿಂಟರ್, ಥಂಬ್ ಮಷಿನ್ (ಬೆರಳಚ್ಚು ತಗೊಳ್ಳೋ ಸಾಧನ) ಕಾಣಲಾರದಂಗ ಆದ್ರ, ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡ್ರಿ, ಯುಎಸ್‌ಬಿ ವೈರ್ ಎಲ್ಲಾ ತೆಗೀರಿ, ಗ್ವಾಡಿ ಪ್ಲಗ್ ಸುದ್ದಾ ಕಿತ್ತು ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡೀರಿ. ಆಮ್ಯಾಲ ಚಾಲೂ ಮಾಡಿ ಒಂದೊಂದೇ ಹಚ್ರಿ, ಡೆಸ್ಕ್‌ಟಾಪ್ ಇದ್ರ ಹಿಂದಿನ ಪೋರ್ಟಿಗೇ. ಡೆಸ್ಕ್‌ಟಾಪ್ ಬಂದ್ ಮಾಡಿದ್ರೂ ಪ್ಲಗ್ ಇರೋತನಕ ಮದರ್‌ಬೋರ್ಡಿಗೆ ಸಾಮಾನ್ಯವಾಗಿ 5 ವೋಲ್ಟ್ ಬರ್ತಾನೇ ಇರ್ತದ, ಹಂಗಾಗಿ ಸಿಕ್ಕಿಬಿದ್ದ ಯುಎಸ್‌ಬಿ ಕಂಟ್ರೋಲರ್ (ಯುಎಸ್‌ಬಿ ಪೋರ್ಟ್ ನಡೆಸೋ ಚಿಪ್) ಕೆಲವೊಮ್ಮೆ ಬಿಡುಗಡೆ ಆಗಂಗಿಲ್ಲ. ವಿಂಡೋಸ್ 10, 11ರಾಗ ಬರೀ ಶಟ್‌ಡೌನ್ ಕೊಟ್ರ ಸಾಮಾನ್ಯವಾಗಿ ಡ್ರೈವರ್‌ಗಳ (ಸಾಧನ ನಡೆಸೋ ಸಾಫ್ಟ್‌ವೇರ್) ಹಳೇ ಸ್ಥಿತಿನೇ ಉಳಿಸಿಟ್ಟು ಮತ್ತ ಎಬ್ಬಿಸ್ತದ, ಅದಕ್ಕೇ ಶಿಫ್ಟ್ ಬೇಕು. ಆಳಂದ, ಅಫಜಲಪುರ ಕಡೆ ಆನ್‌ಲೈನ್ ಸೆಂಟರ್ ನಡೆಸೋರು ಇದನ್ನ ಖಂಡಿತ ನೆನಪಿಟ್ಕೋರಿ, ಥಂಬ್ ಆಗಲಿಲ್ಲಂದ್ರ ಹಳ್ಳಿಯಿಂದ ಬಂದ ಹಿರಿಯರು ಬಸ್ ಚಾರ್ಜ್ ಕೊಟ್ಟು ಮತ್ತ ಬರಬೇಕಾಗ್ತದ. ಬ್ಯಾರೆ ಕಂಪ್ಯೂಟರ್‌ದಾಗೂ ಕಾಣದಿದ್ರ ಈ ಉಪಾಯ ನಡಿಯಂಗಿಲ್ಲ, ಕೇಬಲ್ ಬದಲಿಸಿ ನೋಡ್ರಿ. ಬರೀ ಚಾರ್ಜಿಂಗ್‌ದ ಕೇಬಲ್‌ನ್ಯಾಗ ಡೇಟಾ ತಂತಿನೇ ಇರಂಗಿಲ್ಲ. ಹೊರಗಿನಿಂದ ಹಚ್ಚಿದ ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತಿದ್ರ ಕೂಡ್ಲೇ ತೆಗೀರಿ, ಮತ್ತ ಮತ್ತ ಹಚ್ಚಬ್ಯಾಡ್ರಿ. ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಿದ್ರ, ಒಳಗಿನ ಫೋಟೊ, ಕಾಗದಪತ್ರ ಬೇಕಿದ್ರ, ಕ್ಯಾನ್ಸಲ್ ಒತ್ರಿ.