ಗಲಾಟೆ ಹಾಡಿಗೆ ಅಕೌಸ್ಟಿಕ್ ಗಿಟಾರ್: ನನ್ನ ಅನುಭವ

"ಇದೇನೋ, ಭಜನೆಗೆ ಟ್ಯೂನ್ ಹಾಕ್ತಿದ್ದೀಯಾ?"

ನನ್ನ ಪೋಸ್ಟ್-ಹಾರ್ಡ್‌ಕೋರ್ ಹಾಡನ್ನು (ಪಂಕ್‌ನಿಂದ ಬೆಳೆದ, ಕಿರುಚಾಟದ ರಾಕ್) ಅಕೌಸ್ಟಿಕ್‌ನಲ್ಲಿ, ಅಂದರೆ ಕರೆಂಟ್ ಬೇಡದ ಗಿಟಾರ್‌ನಲ್ಲಿ, ನುಡಿಸಿ ತೋರಿಸಿದಾಗ ನಮ್ಮ ಡ್ರಮ್ಮರ್ ಕೇಳಿದ್ದು ಇದು. ಈಗ ಅದೇ ಹಾಡನ್ನು ಕಾರಲ್ಲಿ ಹಾಕಿಕೊಂಡು ಓಡಾಡುತ್ತಾನೆ.

ಐಡಿಯಾ ಅಮೆರಿಕದ ಪಂಕ್ ಬ್ಯಾಂಡ್ ಬ್ಲಿಂಕ್-182ರ ಗಾಯಕ ಟಾಮ್ ಡಿಲಾಂಗ್‌ನದು. 2001ರ ಸುಮಾರಿಗೆ ಅವನಿಗೆ ಬೆನ್ನುನೋವು. ಜೊತೆಗೆ ಫುಗಾಜಿ, ರೆಫ್ಯೂಸ್ಡ್ ಎಂಬ ಪೋಸ್ಟ್-ಹಾರ್ಡ್‌ಕೋರ್ ಬ್ಯಾಂಡ್‌ಗಳ ಹುಚ್ಚು. ಬ್ಲಿಂಕ್‌ಗೆ ಹೊಂದದ ಹಾಡುಗಳನ್ನು ಅಕೌಸ್ಟಿಕ್ ಹಿಡಿದು ಕಟ್ಟತೊಡಗಿದ. ಅದೇ ಬಾಕ್ಸ್ ಕಾರ್ ರೇಸರ್ ಎಂಬ ಹೊಸ ಬ್ಯಾಂಡ್ ಆಯಿತು. 2002ರ ಮೇ ತಿಂಗಳಲ್ಲಿ ಒಂದೇ ಒಂದು ಆಲ್ಬಮ್, ಮರುವರ್ಷ ಅಂಗಡಿ ಬಂದ್! ಬಾಡಿಗೆ ಡ್ರಮ್ಮರ್‌ಗೆ ದುಡ್ಡು ಯಾಕೆ ಅಂತ ಬ್ಲಿಂಕ್‌ನ ಟ್ರಾವಿಸ್ ಬಾರ್ಕರ್‌ನನ್ನೇ ಕರೆದ. ಹೊರಗುಳಿದ ಬ್ಲಿಂಕ್‌ನ ಬಾಸ್ ಗಿಟಾರಿಸ್ಟ್ ಮಾರ್ಕ್ ಹಾಪಸ್‌ಗೆ ಬೇಜಾರಾಯಿತು. ಆದರೂ ಆ ಜಿಪುಣತನ ನನಗೆ ಇಷ್ಟ. ಟಾಮ್‌ನ ಊರು ಪೊವೇ, ಸ್ಯಾನ್ ಡಿಯಾಗೋದ ನನ್ನ ಮನೆಯಿಂದ ಕಾಲು ಗಂಟೆ ದಾರಿ. ಊರಿನ ಗುಣವೇ ಇರಬೇಕು.

ಮೊದಲ ಸಲ ನಾನು ಜಿಪುಣನಾಗಲಿಲ್ಲ, ಅದೇ ತಪ್ಪಾಯಿತು. ಎರಡು ದಿನ ಸ್ಟುಡಿಯೋ ಬಾಡಿಗೆ, ಹತ್ತಿರ ಹತ್ತಿರ 800 ಡಾಲರ್. ಗೇನ್ (ಗಿಟಾರ್ ಸದ್ದನ್ನು ಒರಟು ಮಾಡುವ ಗುಂಡಿ) ಪೂರ್ತಿ, ಗಿಟಾರ್ ನಾಲ್ಕು ಪದರ. ಮನೆಗೆ ಬಂದು ಕೇಳಿದರೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಸದ್ದು. ಎರಡನೇ ಸಲ ಗ್ಯಾರೇಜು. ಗೋಡೆಗೆಲ್ಲ ಕಂಬಳಿ ಹೊಡೆದೆ. ಚಟ್ನಿ ಹೋಗಲಿಲ್ಲ, ಪಕ್ಕದ ಮನೆಯವರು ಮಾತ್ರ ಬಂದರು.

ಆಮೇಲೆ ಒಂದು ತಿಂಗಳು ಆಂಪ್ (ಎಲೆಕ್ಟ್ರಿಕ್ ಗಿಟಾರ್‌ನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಮುಟ್ಟಲಿಲ್ಲ. ಅಕೌಸ್ಟಿಕ್‌ನಲ್ಲಿ ನಿಲ್ಲದ ಹಾಡನ್ನು ಕಸಕ್ಕೆ ಹಾಕುವುದು ಅಂತ ತೀರ್ಮಾನ. ಹನ್ನೊಂದೋ ಹನ್ನೆರಡೋ ಇದ್ದವು, ಉಳಿದದ್ದು ಐದು. ಅವಕ್ಕೆ ಎಲೆಕ್ಟ್ರಿಕ್ ಸೇರಿಸಿದಾಗ ಗೇನ್ ಅರ್ಧಕ್ಕೂ ಕಡಿಮೆ. ಎಡ ಸ್ಪೀಕರಿಗೊಂದು ಗಿಟಾರ್, ಬಲಕ್ಕೊಂದು, ಅಷ್ಟೇ. ಕೋರಸ್ ಬಂದಾಗ ಅಡಿಯಲ್ಲಿ ಅದೇ ಅಕೌಸ್ಟಿಕ್, ತಗ್ಗು ಸ್ವರದ ಗುಂಯ್‌ ಎಲ್ಲ ಕತ್ತರಿಸಿ, ಕೇಳಿಯೂ ಕೇಳಿಸದಷ್ಟು. ಅದನ್ನು ಮ್ಯೂಟ್ ಮಾಡಿ ನೋಡಿ, ಗೋಡೆ ಕುಸಿದ ಹಾಗಾಗುತ್ತದೆ. ಮೈಕ್ ಎಲ್ಲಿಟ್ಟೆ ಅಂತ ಕೇಳಬೇಡಿ. ಮೂರು ತಿಂಗಳು ತಿಣುಕಿ ಹುಡುಕಿದ ಜಾಗ, ಸುಮ್ನೆ ಕೊಡೋದಿಲ್ಲ.

ನಡುವೆ ಇನ್ನೊಂದು ಹುಚ್ಚು: ಕನ್ನಡದಲ್ಲಿ ಸ್ಕ್ರೀಮ್, ಅಂದರೆ ಕಿರುಚಿ ಹಾಡುವುದು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಎಳೆಯೋಕೆ ಹಬ್ಬ ಅಲ್ವಾ ಅಂದುಕೊಂಡೆ. "ಬೇಡ" ಅಂತ ಕಿರುಚಿದರೆ ಬಾಯಿ ಪೂರ್ತಿ ತೆರೆದು ಗಂಟಲು ಸಲೀಸು. "ಹೋಗು" ಅಂದರೆ ತುಟಿ ದುಂಡಗಾಗಿ ಗೂಬೆ ಕೂಗಿದ ಹಾಗೆ. ಹಾಗಾಗಿ 'ಉ'ದಲ್ಲಿ ಮುಗಿಯುವ ಸಾಲುಗಳನ್ನೆಲ್ಲ ತಿದ್ದಿದೆ. "ಹೋಗು" ಹೋಗಿ "ಹೋಗಾ" ಆಯಿತು. ಖಂಜಿರವನ್ನೂ ಪ್ರಯತ್ನಿಸಿದೆ. ಡ್ರಮ್ಸ್ ಅದನ್ನು ನುಂಗಿ ಹಾಕಿತು, ಬಿಟ್ಟೆ.

ಈ ಮೂರನೇ ಸುತ್ತಿಗೆ ಒಟ್ಟು ಖರ್ಚು ಸುಮಾರು 250 ಡಾಲರ್. ಸೆಕೆಂಡ್‌ಹ್ಯಾಂಡ್ ಮೈಕ್, ಕೇಬಲ್, ತಂತಿ ಎಲ್ಲ ಸೇರಿ. ಅದರಲ್ಲಿ 40 ಡಾಲರ್ ಪಕ್ಕದ ಮನೆಗೆ ಕೊಟ್ಟ ಮೈಸೂರು ಪಾಕಿನದು.