ಹೊಸ ಬಚ್ಚಲಿನ ಗೋಡೆ ಬೆವರುತ್ತಿದ್ದರೆ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಬಚ್ಚಲಲ್ಲಿ ಹಂಡೆಯ ಹಬೆ ಹೆಂಚಿನ ಸಂದಿಯಲ್ಲೇ ಹೋಗುತ್ತಿತ್ತು. ಈಗ ಮೇಲೆ ಆರ್‌ಸಿಸಿ, ಸುತ್ತ ಟೈಲ್ಸ್. ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ.

ಮೊದಲು ಎಕ್ಸಾಸ್ಟ್ ಫ್ಯಾನ್ ನೋಡಿ. ಜಾಲರಿಯ ಹತ್ತಿರ ತೆಳ್ಳನೆಯ ಟಿಶ್ಯೂ ಹಿಡಿಯಿರಿ. ಅದು ಎಳೆದು ಅಂಟಿಕೊಳ್ಳದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತಿದೆ. ಧೂಳು ಒರೆಸಿ. ಆಮೇಲೆ ಬಾಗಿಲು ನೋಡಿ. ಕೆಳಗೆ ಸಂದಿಯೇ ಇಲ್ಲದಿದ್ದರೆ ಒಳಗೆ ಗಾಳಿ ಬರುವುದಾದರೂ ಎಲ್ಲಿಂದ, ಅಲ್ವಾ? ಬಡಗಿ ಹತ್ತಿರ ಅರ್ಧ ಇಂಚು ಕೊಯ್ಯಿಸಿ. ನನ್ನ ಪ್ರಕಾರ ಇದೇ ಮುಖ್ಯ ಕೆಲಸ.

ಬಕೆಟ್‌ಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು ಬಿಡಿ. ಹಬೆ ಕಡಿಮೆ ಏಳುತ್ತದೆ. ಮಿಂದಾದ ಮೇಲೆ ಗೋಡೆಗೆ ವೈಪರ್ ಎಳೆದು, 20 ನಿಮಿಷ ಫ್ಯಾನ್ ಓಡಿಸಿ. ಚಾವಣಿಯ ಕಪ್ಪು ಚುಕ್ಕೆಯ ಮೇಲೆ ಮಾತ್ರ ಹಾಗೇ ಪೇಂಟ್ ಹೊಡೆಸಬೇಡಿ. ತೊಳೆದು, ಪೂರ್ತಿ ಒಣಗಿದ ಮೇಲೆ ಹೊಡೆಸಿ.