ಇಜಿಆರ್ ವಾಲ್ವ್ ಬದಲಿಸುವ ಮೊದಲು ನಾನು ಅಳೆದು ನೋಡಿದ್ದು

ಉಡುಪಿಯಿಂದ ಶಿವಮೊಗ್ಗಕ್ಕೆ ಮರಳುವಾಗ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕನೆಯದನ್ನು ದಾಟುವಷ್ಟರಲ್ಲಿಯೇ ನನ್ನ ಡೀಸೆಲ್ ಕಾರು ಎರಡನೆಯ ಗೇರಿನಲ್ಲೂ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ವೇಗ ಹೆಚ್ಚುವುದರ ಬದಲು ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣಿಸುತ್ತಿತ್ತು. ಬೆನ್ನಿಗೇ ಬರುತ್ತಿದ್ದ ಬೈಕಿನವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ದೂರ ಸರಿದರು. ಹೇಗೋ ಮೇಲೆ ತಲುಪಿ ಗಾಡಿ ನಿಲ್ಲಿಸಿದಾಗ ಐಡ್ಲಿಂಗ್‌ನಲ್ಲಿ ಇಡೀ ಎಂಜಿನ್ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪ ಹತ್ತಿಕೊಂಡಿತ್ತು. ಕಾರು 2017ರದು, ಬಿಎಸ್-4 ಮಾಲಿನ್ಯ ಮಾನದಂಡದ್ದು, 1.5 ಲೀಟರಿನ ಎಂಜಿನ್. ಆಗ ಅದು ಸುಮಾರು 80,000 ಕಿಲೋಮೀಟರ್ ಓಡಿತ್ತು.

ಮರುದಿನ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0402 ಎಂಬ ಕೋಡ್ ಸಿಕ್ಕಿತು. ಇಜಿಆರ್ ಮೂಲಕ, ಅಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ದಾರಿಯಲ್ಲಿ, ಹರಿಯಬೇಕಾದುದಕ್ಕಿಂತ ಹೆಚ್ಚು ಹೊಗೆ ಹರಿಯುತ್ತಿದೆ ಎಂಬುದು ಅದರ ಅರ್ಥ. ಇಡೀ ವಾಲ್ವನ್ನೇ ಬದಲಿಸಬೇಕೆಂದು ಹೇಳಿ 22,000 ರೂಪಾಯಿಯ ಅಂದಾಜು ಚೀಟಿ ಕೈಗಿತ್ತರು. ಮನೆಯ ಹತ್ತಿರದ ಗ್ಯಾರೇಜಿನವರು ಇದನ್ನು ನೋಡಿ ನಕ್ಕರು. "ಅದಕ್ಕೊಂದು ತಗಡು ಹೊಡೆದುಬಿಡೋಣ ಸರ್, ಹೊಗೆಯೂ ನಿಲ್ಲುತ್ತೆ, ಪಿಕಪ್ಪೂ ಬರುತ್ತೆ" ಎಂದರು. ಒಬ್ಬರು ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಮುಚ್ಚಿ ಎನ್ನುತ್ತಾರೆ. ವಾಲ್ವಿಗೆ ನಿಜವಾಗಿ ಏನಾಗಿದೆ ಎಂಬುದನ್ನು ಇಬ್ಬರೂ ಬಿಚ್ಚಿ ನೋಡಿರಲಿಲ್ಲ. ಸ್ಪ್ಯಾನರ್ ಹಿಡಿದು ಅಲ್ಪಸ್ವಲ್ಪ ಅಭ್ಯಾಸವಿದ್ದ ನಾನು ಅದನ್ನು ನಾನೇ ನೋಡಿಬಿಡೋಣವೆಂದು ತೀರ್ಮಾನಿಸಿದೆ.

ಎಂಜಿನ್ ಸುಟ್ಟು ಹೊರಬಿಟ್ಟ ಅನಿಲದ ಒಂದು ಪಾಲನ್ನು ತಂಪುಗೊಳಿಸಿ, ಒಳಗೆ ಎಳೆದುಕೊಳ್ಳುವ ಗಾಳಿಯೊಂದಿಗೆ ಮತ್ತೆ ಬೆರೆಸುವುದು ಇಜಿಆರ್ ವ್ಯವಸ್ಥೆಯ ಕೆಲಸ. ಒಮ್ಮೆ ಉರಿದ ಆ ಅನಿಲದಲ್ಲಿ ಆಮ್ಲಜನಕ ಕಡಿಮೆಯಿದ್ದು, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಹೀರಿಕೊಳ್ಳುವುದರಿಂದ ಸಿಲಿಂಡರಿನೊಳಗಿನ ಉರಿ ತಣ್ಣಗಾಗುತ್ತದೆ, ಅತಿ ಬಿಸಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ. ಎಷ್ಟು ಬೆರೆಸಬೇಕೆಂದು ಎಂಜಿನ್ನಿನ ಕಂಪ್ಯೂಟರಾದ ಇಸಿಎಮ್ ಲೆಕ್ಕ ಹಾಕಿ ವಾಲ್ವಿಗೆ ಆಜ್ಞೆ ಕೊಡುತ್ತದೆ. ಘಾಟಿ ಹತ್ತುವಾಗ ಎಂಜಿನ್ನಿಗೆ ಪೂರ್ತಿ ಗಾಳಿ ಬೇಕಾದುದರಿಂದ ಆ ವಾಲ್ವ್ ಮುಚ್ಚಿರಬೇಕು. ಅದು ತೆರೆದೇ ಸಿಕ್ಕಿಕೊಂಡರೆ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸಿ, ಡೀಸೆಲ್ ಅರೆಬರೆ ಉರಿದು ಕಪ್ಪಾಗಿ ಹೊರಬರುತ್ತದೆ. ಆಗುಂಬೆಯಲ್ಲಿ ನಾನು ಕಂಡದ್ದು ಇದನ್ನೇ ಇರಬೇಕೆಂಬ ಅನುಮಾನ ನನಗಿತ್ತು. ಆದರೆ ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೂ ಇದೇ ಕೋಡ್ ಬರಬಹುದು, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಕಡೆಯ ಹೋಸ್ ಸೀಳಿದ್ದರೂ ಕಪ್ಪು ಹೊಗೆ ಬರುತ್ತದೆ. ಆದ್ದರಿಂದ ಮೊದಲು ಅಳೆಯಬೇಕಿತ್ತು.

ಅಳೆಯಲು ಬೇಕಾದದ್ದು ಇಸಿಎಮ್‌ನ ಅಂಕಿಗಳನ್ನು ಓದಲು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಒಂದು ಸಣ್ಣ ಒಬಿಡಿ ಅಡಾಪ್ಟರ್ ಮತ್ತು ಸ್ವಲ್ಪ ಗುಣಾಕಾರ. 1.5 ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಎರಡು ಸುತ್ತಿಗೊಮ್ಮೆಯಂತೆ 400 ಬಾರಿ, ಅಂದರೆ 600 ಲೀಟರ್ ಗಾಳಿ ಎಳೆದುಕೊಳ್ಳಬೇಕು. ನಮ್ಮ ಊರಿನ ಎತ್ತರ ಮತ್ತು ಬಿಸಿಲಿನಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.1 ಗ್ರಾಂ ಎಂದು ಹಿಡಿದರೆ ಇದು ಸೆಕೆಂಡಿಗೆ 11 ಗ್ರಾಂ ಆಗುತ್ತದೆ. ಸಿಲಿಂಡರ್ ಯಾವತ್ತೂ ಪೂರ್ತಿ ತುಂಬುವುದಿಲ್ಲವಾದ್ದರಿಂದ 9ರಿಂದ 10 ಗ್ರಾಂ ಬಂದರೆ ಸರಿಯೆನ್ನಬಹುದು. ನನ್ನ ಕಾರಿನಲ್ಲಿ ಎಂಜಿನ್ ಬಿಸಿಯಾದ ಮೇಲೆ ಐದಾರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಇಸಿಎಮ್ ಇಜಿಆರ್ ಅನ್ನು ಮುಚ್ಚಲು ಹೇಳುತ್ತದೆ. ಪರದೆಯ ಮೇಲೆ ಆಜ್ಞೆ 0 ಪ್ರತಿಶತ ಎಂದು ಕಾಣಿಸಿತು. ಗಾಳಿ ಮಾತ್ರ ಸೆಕೆಂಡಿಗೆ 5.6 ಗ್ರಾಮಿನಲ್ಲಿಯೇ ನಿಂತಿತ್ತು.

ಉಳಿದ ಗಾಳಿಯ ಜಾಗದಲ್ಲಿ ಹೊಗೆ ಬರುತ್ತಿದೆಯೋ ಅಥವಾ ಸೆನ್ಸರೇ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯಲು ಗ್ಯಾರೇಜಿನವರು ಹೇಳಿದ ತಗಡೇ ಉಪಯೋಗಕ್ಕೆ ಬಂತು. ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ತಗಡನ್ನು ಗ್ಯಾಸ್ಕೆಟ್ಟಿನ ಆಕಾರಕ್ಕೆ ಕತ್ತರಿಸಿ, ತಣ್ಣಗಾದ ಎಂಜಿನ್ನಿನ ಇಜಿಆರ್ ಕೊಳವೆಯ ಬಾಯಿಗೆ ತಾತ್ಕಾಲಿಕವಾಗಿ ಕೂರಿಸಿದೆ. ಮತ್ತೆ ಅದೇ ಐಡ್ಲಿಂಗ್‌ನಲ್ಲಿ ಗಾಳಿ 9.4 ಗ್ರಾಮಿಗೆ ಏರಿತು, ನಡುಕ ನಿಂತಿತು. ಸೆನ್ಸರ್ ಸರಿಯಿದೆ, ವಾಲ್ವ್ ಮುಚ್ಚುತ್ತಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ತಗಡನ್ನು ಹಾಗೆಯೇ ಬಿಟ್ಟಿದ್ದರೆ ಕಾರು ಚೆನ್ನಾಗಿಯೇ ಓಡುತ್ತಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಎಮಿಷನ್ ಟೆಸ್ಟಿನಲ್ಲೂ ಪಾಸಾಗುತ್ತಿತ್ತು, ಏಕೆಂದರೆ ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ನೋಡುವುದೇ ಇಲ್ಲ. ಆದರೆ ಬಿಎಸ್-4 ಡೀಸೆಲ್ ಕಾರಿಗೆ ಅದರ ಮಿತಿ ಕಿಲೋಮೀಟರಿಗೆ 0.25 ಗ್ರಾಂ, ಆ ಮಿತಿಯೊಳಗೆ ಇರಿಸುವುದು ಮುಖ್ಯವಾಗಿ ಈ ವಾಲ್ವೇ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಂತೆ ಶಿಕ್ಷಾರ್ಹವೂ ಹೌದು. ಅದಲ್ಲದೆ, ಹರಿವು ಸಾಲದೆಂದು ಇಸಿಎಮ್ ಸ್ವಲ್ಪ ದಿನಗಳಲ್ಲಿಯೇ ಪಿ0401 ಕೋಡ್ ಹಾಕಿ ದೀಪ ಹತ್ತಿಸುವ ಸಂಭವವೂ ಇತ್ತು. ಪರೀಕ್ಷೆ ಮುಗಿದೊಡನೆ ತಗಡನ್ನು ತೆಗೆದೆ.

ಭಾನುವಾರ ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಏರ್ ಫಿಲ್ಟರ್ ಡಬ್ಬಿಯನ್ನು ಪಕ್ಕಕ್ಕಿಟ್ಟು ವಾಲ್ವ್ ಬಿಚ್ಚಿದೆ. ನಾಲ್ಕು ಬೋಲ್ಟುಗಳಲ್ಲಿ ಒಂದು ಮಾತ್ರ ಸತಾಯಿಸಿತು. ಅದಕ್ಕೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆನಾದರೂ ಒಂದು ಗಂಟೆ ಹಿಡಿಯಿತು. ಒಳಗೆ ಬೆರಳು ತೂರಿಸಿದರೆ ಬಚ್ಚಲೊಲೆಯ ಹಂಡೆಯ ತಳದಂಥ ಮಸಿ, ಆದರೆ ಒಣಗಿದ್ದಲ್ಲ, ಎಣ್ಣೆ ಕುಡಿದು ಅಂಟಂಟಾಗಿದ್ದದ್ದು. ವಾಲ್ವಿನ ತಟ್ಟೆ ಮತ್ತು ಅದು ಕೂರುವ ಅಂಚಿನ ನಡುವೆ ಅರ್ಧ ಕಡಲೆಬೇಳೆಯಷ್ಟು ಗಾತ್ರದ ಗಟ್ಟಿ ಇದ್ದಿಲಿನ ಚೂರೊಂದು ಸಿಕ್ಕಿಕೊಂಡಿತ್ತು. 22,000 ರೂಪಾಯಿಯ ರೋಗ ಇಷ್ಟೇ.

ಸ್ವಚ್ಛ ಮಾಡುವಾಗ ವಾಲ್ವನ್ನು ತೆರೆದು ಮುಚ್ಚುವ ಮೋಟಾರಿನ ಭಾಗವನ್ನು ಸದಾ ಮೇಲ್ಮುಖವಾಗಿ ಹಿಡಿದಿದ್ದೆ. ಮಸಿ ಕರಗಿಸುವ ಕಾರ್ಬ್ ಕ್ಲೀನರ್ ವಾಲ್ವಿನ ದಂಡದ ಗುಂಟ ಹರಿದು ಮೋಟಾರಿಗೂ ಸೆನ್ಸರಿಗೂ ಸೇರಿದರೆ ಇರುವ ವಾಲ್ವೂ ಕೈಬಿಡುತ್ತದೆ. ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆಯದೆ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಮರದ ಚಕ್ಕೆ ಮಾತ್ರ ಬಳಸಿದೆ, ಏಕೆಂದರೆ ಅಲ್ಲೊಂದು ಗೀರು ಬಿದ್ದರೆ ವಾಲ್ವ್ ಮತ್ತೆಂದೂ ಪೂರ್ತಿ ಮುಚ್ಚದು. ಓಡುತ್ತಿರುವ ಎಂಜಿನ್ನಿನ ಗಾಳಿಯ ದಾರಿಗೆ ಕ್ಲೀನರ್ ಊದುವ ಸುಲಭೋಪಾಯವನ್ನು ಕೆಲವರು ಹೇಳುತ್ತಾರೆ. ಕಿತ್ತುಬಂದ ಇದ್ದಿಲು ಸಿಲಿಂಡರಿಗೆ ಹೋಗುವುದನ್ನು ತಡೆಯಲು ಅಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ನಾನು ಅದನ್ನು ಮಾಡುವುದಿಲ್ಲ. ತೊಳೆದ ವಾಲ್ವಿನ ತಟ್ಟೆಯ ಮೇಲೆ ಎರಡು ಚಮಚ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಕಾದೆ. ಕೆಳಗಿಟ್ಟ ಕಾಗದ ಒದ್ದೆಯಾಗಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ, ಕೋಡ್ ಅಳಿಸಿ ನೋಡಿದಾಗ ಮುಚ್ಚಿದ ಸ್ಥಿತಿಯಲ್ಲಿ ಗಾಳಿ 9.3 ಗ್ರಾಂ ಇತ್ತು. ಖರ್ಚಾದದ್ದು ಗ್ಯಾಸ್ಕೆಟ್ಟಿಗೂ ಕ್ಲೀನರಿಗೂ ಸೇರಿ ಸಾವಿರ ರೂಪಾಯಿಯ ಒಳಗೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ತಪ್ಪು ಮಾಡಿದಂತಾಗುತ್ತಿತ್ತು. ಮಸಿ ಒಣಗಿರದೆ ಅಂಟಾಗಿದ್ದದ್ದು ತಲೆಯಲ್ಲಿ ಕೊರೆಯುತ್ತಿತ್ತು. ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ ಕವಚದ, ಉಸಿರಾಟದ ಕೊಳವೆಯಿಂದ ಎಂಜಿನ್ ಆಯಿಲ್‌ನ ಆವಿ ಗಾಳಿಯ ದಾರಿಗೆ ಸೇರುವುದು ಸಹಜ, ಆದರೆ ಇಷ್ಟೊಂದಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಗರಿಷ್ಠ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಹಿಂದಿನ ಸರ್ವೀಸಿನಲ್ಲಿ ಧಾರಾಳವಾಗಿ ಸುರಿದಿದ್ದನ್ನು ನಾನೂ ಪರೀಕ್ಷಿಸದೆ ಏಳು ತಿಂಗಳು ಓಡಿಸಿದ್ದೆ. ಅದರ ಮೇಲೆ ಮನೆಯಿಂದ ಕಚೇರಿಗೆ ಮೂರೇ ಕಿಲೋಮೀಟರ್. ಅಡಾಪ್ಟರಿನಲ್ಲಿ ನೋಡಿದರೆ ಕಚೇರಿ ತಲುಪುವಾಗ ಕೂಲೆಂಟ್ 60 ಡಿಗ್ರಿಯನ್ನೂ ಮುಟ್ಟುತ್ತಿರಲಿಲ್ಲ. ತಣ್ಣನೆಯ ಎಂಜಿನ್ನಿನ ಮಸಿಗೆ ಆಯಿಲ್ ಆವಿ ಬೆರೆತು ದಿನಕ್ಕೆರಡು ಬಾರಿ ವಾಲ್ವಿಗೆ ಬಳಿದಂತಾಗಿತ್ತು.

ಹೆಚ್ಚುವರಿ ಆಯಿಲನ್ನು ಇಳಿಸಿ ಗುರುತಿಗೆ ತಂದೆ. ಈಗ ಕಚೇರಿಗೆ ಹೆಚ್ಚಾಗಿ ಸ್ಕೂಟರಿನಲ್ಲಿ ಹೋಗುತ್ತೇನೆ, ಕಾರನ್ನು ಹದಿನೈದು ದಿನಕ್ಕೊಮ್ಮೆ ತೀರ್ಥಹಳ್ಳಿಯ ರಸ್ತೆಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸುತ್ತೇನೆ. ಹದಿನಾಲ್ಕು ತಿಂಗಳ ನಂತರ ವಾಲ್ವನ್ನು ಮತ್ತೊಮ್ಮೆ ಬಿಚ್ಚಿದಾಗ ಒಳಗೆ ತೆಳ್ಳಗೆ ಮಸಿಯಿತ್ತು. ಅದು ಒಣಗಿತ್ತು, ಬ್ರಷ್ ತಾಗಿಸಿದರೆ ಉದುರುತ್ತಿತ್ತು.